ಜನರಲ್‌ನ ನಾಲ್ಕನೇ ಅಧ್ಯಾಯ

ಜನವರಿ 9, 2024, ಮಂಗಳವಾರ

ದುಬೈನ ಇಬ್ನ್ ಬತೂತ ಬಸ್ ನಿಲ್ದಾಣದಿಂದ ಆರೂಮುಕ್ಕಾಲಿನ ಬಸ್. ಇವತ್ತೂ ಕಿಟಕಿಯ ಸೀಟಿಲ್ಲ. ಅಬುಧಾಬಿ ತಲುಪುವಾಗ ಎಂಟೂವರೆ. ಜನರಲ್ ಫೆರಿದ್ ಕುಲೋವಿಚ್ ಆಗಲೇ ಶೇವ್ ಮಾಡಿ, ಟೈ ಕಟ್ಟಿ ಕಾಯುತ್ತಿದ್ದ. ಬೋಸ್ನಿಯಾದ ಮಾಜಿ ರಕ್ಷಣಾ ಸಚಿವ. ಈಗ ಇಲ್ಲಿ ಯಾವುದೋ ಕಂಪನಿಗೆ ಸಲಹೆಗಾರ. ಇಂಗ್ಲಿಷಿನಲ್ಲಿ ಆತ್ಮಕಥೆ ಹೇಳುತ್ತಾನೆ. ನಾನು ಟೈಪ್ ಮಾಡಿ ತಿದ್ದುತ್ತೇನೆ. ಇದು ಮೂರನೇ ವಾರ.

ಎರಡು ಅಧ್ಯಾಯ ಮುಗಿಯಿತು. ಶಾಲೆಯ ಡ್ರಿಲ್ ಮಾಸ್ತರನಾಗಿದ್ದವನು. ತೊಂಬತ್ತೆರಡರಲ್ಲಿ ಬೋಸ್ನಿಯಾದ ಯುದ್ಧ ಶುರುವಾದಾಗ ಇಪ್ಪತ್ತೊಂಬತ್ತು ವರ್ಷ. ಬೇಟೆಯ ಕೋವಿ ಹಿಡಿದ ನಲವತ್ತು ಜನರಿಂದ ಬೆಟಾಲಿಯನ್ ಕಟ್ಟಿದನಂತೆ. ಚೆನ್ನಾಗಿ ಹೇಳುತ್ತಾನೆ. ಅದಕ್ಕೇ ಮೈ ಉರಿಯುತ್ತದೆ.

ಅವನಿಗೆ ಗೊತ್ತಿಲ್ಲದ್ದು ಎರಡು. ನನಗೆ ಬೋಸ್ನಿಯನ್ ಬರುತ್ತದೆ. ಅವನ ಕೈಕೆಳಗಿದ್ದ ಲೆಫ್ಟಿನೆಂಟ್ ಮಿರ್ಸಾದ್ ನನ್ನ ಗಂಡ.

ಜನವರಿ 14, ಭಾನುವಾರ

ದುಬೈನ ಕರಾಮದಲ್ಲಿ ಅಕ್ಕ ಸಕೀನಳ ಮನೆ. ಊಟದ ನಡುವೆ ಹೇಳಿಬಿಟ್ಟೆ. ಸೌಟು ಕೆಳಗಿಟ್ಟಳು.

"ಮಂಡೆ ಸಮ ಉಂಟಾ ನಿಂಗೆ? ಮಿರ್ಸಾದ್ ತೀರಿಹೋಗಿ ಎರಡು ವರ್ಷ ಆಯ್ತು. ಈಗ ಆ ಮನುಷ್ಯನ ಹತ್ರ ಕೆಲಸಕ್ಕೆ ಹೋಗುದಾ?"

"ಜಾಹೀರಾತಲ್ಲಿ ಹೆಸರು ನೋಡಿಯೇ ಅಪ್ಲಿಕೇಶನ್ ಹಾಕಿದ್ದು."

"ಎಂತ ಮಾಡ್ಲಿಕ್ಕುಂಟು ಅಲ್ಲಿ?"

"ಗೊತ್ತಿಲ್ಲ. ಅವ ಎಂತ ಹೇಳ್ತಾನೆ ನೋಡ್ಬೇಕು."

ಆ ಯುದ್ಧದ ಹೊತ್ತಿಗೆ ಮಿರ್ಸಾದನಿಗೆ ಇಪ್ಪತ್ತೆರಡು. ಸೇತುವೆಯ ಬಳಿ ಏಳು ಹುಡುಗರನ್ನು ಬಿಟ್ಟು ಹಿಂದೆ ಬಾ, ನಾನು ಬೇರೆ ಪಡೆ ಕಳಿಸುತ್ತೇನೆ — ವೈರ್‌ಲೆಸ್‌ನಲ್ಲಿ ಕುಲೋವಿಚ್ ಕೊಟ್ಟ ಆದೇಶ. ಪಡೆ ಬರಲಿಲ್ಲ. ಏಳೂ ಜನ ಸತ್ತರು. ಮಾರನೇ ದಿನ ಕುಲೋವಿಚ್, ನಾನು ಹಾಗೆ ಹೇಳಲೇ ಇಲ್ಲ, ಅವನೇ ಓಡಿಬಂದ ಎಂದ. ಸಾಕ್ಷಿ ಇರಲಿಲ್ಲ. ಮಿರ್ಸಾದ್ ಊರು ಬಿಟ್ಟು ಇಲ್ಲಿಗೆ ಬಂದ. ಅವನ ಅಮ್ಮ ತೀರಿಕೊಂಡಾಗ ಹೋಗಿದ್ದ. ಮಯ್ಯತ್ತಿಗೆ ಹೆಗಲು ಕೊಡಲು ಊರಿನವರು ಬಿಡಲಿಲ್ಲ.

ಜನವರಿ 30, ಮಂಗಳವಾರ

ನಾಲ್ಕನೇ ಅಧ್ಯಾಯ. ಸೇತುವೆ. "ಬರೆದುಕೊಳ್ಳಿ ಮೇಡಂ. ಮಿರ್ಸಾದ್ ಎಂಬ ಹೇಡಿ ತನ್ನ ಹುಡುಗರನ್ನು ಸಾಯಲು ಬಿಟ್ಟು ಓಡಿದ."

ಟೈಪ್ ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟೆ.

ಫೆಬ್ರವರಿ 13, ಮಂಗಳವಾರ

ಫೋನಿನಲ್ಲಿ ಹಳೆಯ ಸ್ನೇಹಿತನ ಜೊತೆ ಬೋಸ್ನಿಯನ್‌ನಲ್ಲಿ ಜನರಲ್‌ನ ಮಾತು. ನಾನು ಎದುರಿಗೇ ಕೂತಿದ್ದೆ. "ಮಿರ್ಸಾದ್ ಗಲ್ಫಿನಲ್ಲೇ ಎಲ್ಲೋ ಸತ್ತನಂತೆ. ಇನ್ನು ಕೇಳುವವರು ಯಾರು?" ನಕ್ಕ. ಫೋನಿಟ್ಟು, "ಕ್ಷಮಿಸಿ ಮೇಡಂ, ಮನೆಯ ವಿಷಯ" ಎಂದ.

"ಪರವಾಗಿಲ್ಲ ಸರ್."

ಇವನನ್ನು ಸುಮ್ಮನೆ ಬಿಡುವುದಿಲ್ಲ.

ಫೆಬ್ರವರಿ 27, ಮಂಗಳವಾರ

ಸೇತುವೆ ಮರಳಿ ಗೆದ್ದದ್ದಕ್ಕೆ ಪದಕ. ಪದಕದಿಂದ ಬ್ರಿಗೇಡ್. ಬ್ರಿಗೇಡಿನಿಂದ ಇಡೀ ಸೇನಾ ಕೋರ್. ಯುದ್ಧ ಮುಗಿದ ಮೇಲೆ ವಿದೇಶದಲ್ಲಿ ತರಬೇತಿ, ಜನರಲ್, ಪಾರ್ಟಿ, ಸಚಿವ. ನಿನ್ನೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರಿಗೆ ಒಂದೇ ಯೂನಿಫಾರ್ಮ್ ತೊಡಿಸಿದೆ ಎನ್ನುತ್ತಾನೆ. ಇರಬಹುದು. ಕೆಲಸಗಾರನೇ. ಆದರೆ ಎಲ್ಲ ನಿಂತಿರುವುದು ಆ ಏಳು ಹೆಣಗಳ ಮೇಲೆ.

ಮಧ್ಯಾಹ್ನ ಸ್ಕ್ಯಾನ್ ಮಾಡಲು ಹಳೆಯ ನಕ್ಷೆಗಳ ಕಟ್ಟು ಕೊಟ್ಟ. ಎರಡು ನಕ್ಷೆಗಳ ನಡುವೆ ಮಡಚಿದ ಹಾಳೆ. ಸೇತುವೆಯ ಆ ದಿನದ ವೈರ್‌ಲೆಸ್ ಲಾಗ್ — ಯಾರು ಎಷ್ಟು ಗಂಟೆಗೆ ಏನು ಹೇಳಿದರು ಎಂಬ ದಾಖಲೆ.

4.20 — ಮಿರ್ಸಾದ್: ಏಳು ಜನ ಸೇತುವೆಯಲ್ಲಿದ್ದಾರೆ. ಪಡೆ ಎಲ್ಲಿ?
4.35 — ಕುಲೋವಿಚ್: ಬರುತ್ತಿದೆ. ನೀನು ಹಿಂದೆ ಬಾ.
5.10 — ಮಿರ್ಸಾದ್: ಪಡೆ ಬಂದಿಲ್ಲ. ನಾನು ವಾಪಸು ಹೋಗುತ್ತೇನೆ.
5.15 — ಕುಲೋವಿಚ್: ಹೋಗಕೂಡದು. ಇದು ಆದೇಶ.

ಹಾಳೆಯ ಕೆಳಗೆ ಕುಲೋವಿಚ್‌ನ ಸಹಿ.

ಸುಡದೆ ಯಾಕೆ ಇಟ್ಟುಕೊಂಡ? ಗೊತ್ತಿಲ್ಲ. ನನಗೆ ಬೇಕಾಗಿಯೂ ಇಲ್ಲ. ಸ್ಕ್ಯಾನ್ ಮಾಡಿದೆ. ಎರಡು ಸಲ.

ಏಪ್ರಿಲ್ 18, ಗುರುವಾರ

ಮೊನ್ನೆಯ ಮಳೆಯ ನೀರು ರಸ್ತೆಯಿಂದ ಇನ್ನೂ ಇಳಿದಿಲ್ಲ. ಬಸ್ಸಿಲ್ಲ. ಮನೆಯಿಂದಲೇ ಪ್ರೆಸ್ಸಿಗೆ ಪುಸ್ತಕದ ಕೊನೆಯ ಫೈಲ್ ಕಳಿಸಿದೆ. ನಾಲ್ಕನೇ ಅಧ್ಯಾಯದ ಮೊದಲ ಪುಟದ ಎದುರು, ಎಡಗಡೆ, ಒಂದು ಪುಟ ಜಾಸ್ತಿ — ಲಾಗ್, ಸಹಿಸಮೇತ. ಜನರಲ್ ಪ್ರೂಫ್ ನೋಡಿ ಓಕೆ ಮಾಡಿದ ಮೇಲೆ ಸೇರಿಸಿದ್ದು.

ಅಲ್ ಐನ್‌ನಲ್ಲಿ ಓದುವ ಮಗಳು ಹಫೀಝಾ ಫೋನ್ ಮಾಡಿದಳು. ಹೇಳಿದೆ.

"ಮಮ್ಮಾ, ಆರ್ ಯು ಸೀರಿಯಸ್? ಕೇಸ್ ಹಾಕಿದ್ರೆ? ನನ್ನ ವೀಸಾ ನಿಮ್ಮ ಮೇಲಿದೆ. ಲಾಸ್ಟ್ ಸೆಮಿಸ್ಟರ್!"

"ಗೊತ್ತುಂಟು."

"ಬಾಬಾ ವುಡಂಟ್ ವಾಂಟ್ ದಿಸ್."

"ನಿನ್ನ ಬಾಬಾನಿಗೆ ಬೇಡದೆ ಇರಬಹುದು. ನನಗೆ ಬೇಕು."

ಅವಳು ಅತ್ತಳು. ಆದರೂ ಫೈಲ್ ವಾಪಸು ತರಿಸಲಿಲ್ಲ. ಇದನ್ನೂ ಬರೆದಿಡಬೇಕು.

ಏಪ್ರಿಲ್ 27, ಶನಿವಾರ

ಹೋಟೆಲಿನ ಹಾಲ್‌ನಲ್ಲಿ ಪುಸ್ತಕ ಬಿಡುಗಡೆ. ನೂರು ಜನ, ಅರ್ಧ ಬೋಸ್ನಿಯನ್ನರು. ಸರಾಯೆವೊದ ಪತ್ರಿಕೆಗಳಿಗೆ ಪುಸ್ತಕ ಮೂರು ದಿನ ಮೊದಲೇ ಹೋಗಿತ್ತು — ನಾನೇ ಕೊರಿಯರ್ ಮಾಡಿದ್ದು.

ನಾಲ್ಕನೇ ಅಧ್ಯಾಯವನ್ನು ತಾನೇ ಓದುತ್ತೇನೆಂದ ಜನರಲ್. ಪುಟ ತೆರೆದ. ಒಂದು ವಾಕ್ಯ ಓದಿದ. ಕಣ್ಣು ಎಡಕ್ಕೆ ಹೋಯಿತು. ಮಾತು ನಿಂತಿತು.

ಎದ್ದು ನಿಂತೆ. ಬೋಸ್ನಿಯನ್‌ನಲ್ಲಿ ಹೇಳಿದೆ, "ಎಡಗಡೆಯ ಪುಟವನ್ನೂ ಓದಿ, ಜನರಲ್."

"ನಿಮಗೆ... ನಮ್ಮ ಭಾಷೆ..."

"ನಾನು ಮಿರ್ಸಾದನ ಹೆಂಡತಿ."

ಹಾಲ್ ತುಂಬ ಪುಟ ತಿರುವುವ ಸದ್ದು. ಅವನು ಮೇಜು ಹಿಡಿದುಕೊಂಡ. ಖುಷಿಯಾಯಿತು. ಸುಳ್ಳೇಕೆ ಬರೆಯಲಿ — ಬಹಳ ಖುಷಿಯಾಯಿತು.

ಮೇ 8, ಬುಧವಾರ

ಹನ್ನೊಂದು ದಿನ ಬರೆಯಲಿಲ್ಲ. ಬಾಗಿಲು ತಟ್ಟಿದಾಗಲೆಲ್ಲ ಪೊಲೀಸರು ಎಂದುಕೊಂಡೆ. ಯಾರೂ ಬರಲಿಲ್ಲ.

ಇವತ್ತು ಬೋಸ್ನಿಯಾದಿಂದ ನಾದಿನಿಯ ಫೋನ್. ಪತ್ರಿಕೆಯಲ್ಲಿ ಲಾಗ್ ಬಂದ ಮೇಲೆ ಏಳು ಹುಡುಗರಲ್ಲಿ ಒಬ್ಬನ ತಾಯಿ, ಎಂಬತ್ತನಾಲ್ಕರ ಮುದುಕಿ, ಕೋಲೂರಿಕೊಂಡು ಅವರ ಗೇಟಿಗೆ ಬಂದಿದ್ದಳಂತೆ. "ಮೂವತ್ತು ವರ್ಷ ತಪ್ಪು ಬಾಗಿಲಿಗೆ ಉಗುಳಿದೆ" ಎಂದಳಂತೆ. ಒಳಗೆ ಕರೆದರೂ ಬರಲಿಲ್ಲವಂತೆ.

ಮಿರ್ಸಾದ್ ಇರಬೇಕಿತ್ತು. ಎರಡು ವರ್ಷ ಅಷ್ಟೇ ಕಮ್ಮಿಯಾಯಿತು.

ಮೇ 13, ಸೋಮವಾರ

ಕುಲೋವಿಚ್‌ನ ಫೋನ್. ಬೋಸ್ನಿಯನ್‌ನಲ್ಲಿ. "ದೂರು ಕೊಡುವುದಿಲ್ಲ. ನಾಲ್ಕನೇ ಅಧ್ಯಾಯ ಮತ್ತೆ ಬರೆಸಬೇಕು. ಬರುತ್ತೀರಾ?"

ಸಕೀನ ಬೇಡವೇ ಬೇಡ ಎಂದಳು. "ಖಲಾಸ್ ಆಯ್ತಲ್ಲ ಹಸೀನಾ, ಬಿಡು ಮಾರಾಯ್ತಿ. ಮುದುಕ ಅಲ್ವಾ ಅವ?"

ಮುದುಕ. ಹೌದು. ಮಿರ್ಸಾದನಿಗೆ ಮುದುಕನಾಗಲು ಸಿಗಲಿಲ್ಲ.

ಮೇ 14, ಮಂಗಳವಾರ, ಬೆಳಿಗ್ಗೆ 10

ಕುಲೋವಿಚ್‌ನ ಎದುರಿಗೇ ಕೂತು ಬರೆಯುತ್ತಿದ್ದೇನೆ. ಟೈ ಇಲ್ಲ. ಗಡ್ಡ ಬಿಟ್ಟಿದ್ದಾನೆ. "ಎಲ್ಲಿಂದ ಶುರು ಮಾಡಲಿ?" ಎಂದ.

"ಹೆಸರುಗಳಿಂದ. ಏಳೂ ಹೇಳಿ."

ನೀರು ಕೇಳಿದ. ಜಗ್ ನನ್ನ ಪಕ್ಕದಲ್ಲೇ ಇದೆ. ನಾನು ಏಳಲಿಲ್ಲ.

ಕಣ್ಣು ಮುಚ್ಚಿ ಹೇಳತೊಡಗಿದ. ಎನೆಸ್. ಸುಲ್ಯೊ. ಅವ್ದೊ. ಝಿಯಾದ್. ಐದನೆಯದಕ್ಕೆ ಬಾಯಿ ತೆರೆದ, ಮುಚ್ಚಿದ. ನನ್ನ ಮುಖ ನೋಡಿದ. ಹೇಳಿಕೊಡಬಹುದು. ಮಿರ್ಸಾದ್ ಇಪ್ಪತ್ತೆರಡು ವರ್ಷ ನಿದ್ದೆಯಲ್ಲಿ ಕನವರಿಸಿದ ಹೆಸರುಗಳು, ಏಳೂ ನನಗೆ ಬಾಯಿಪಾಠ. ಹೇಳಿಕೊಡುವುದಿಲ್ಲ.

10.20. ನಾಲ್ಕನ್ನೂ ಮತ್ತೆ ಮೊದಲಿಂದ ಹೇಳಿದ. ಕಾಯುತ್ತೇನೆ.

10.35. ಐದನೆಯ ಹೆಸರು ಇನ್ನೂ —