ದ್ರಾಕ್ಷಿಯ ಮೇಲೆ ಜಾರಿದ ಪರಾಗ್ವೆ ಎಂಜಿನ್ನು

ಹ್ಯಾರೋ, ಲಂಡನ್
೮ ಅಕ್ಟೋಬರ್ ೨೦೦೦, ಭಾನುವಾರ

ಪ್ರೀತಿಯ ಪ್ರತೀಕ್ಷಾ,

ಸಂಜೆ ಏಳು ಗಂಟೆ. ನಿನ್ನ ಮಾವ ಬೂಟನ್ನೂ ಬಿಚ್ಚದೆ ಸೋಫಾದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ಮುಖದ ತುಂಬ ಮಸಿ. ಒರೆಸಲು ಹೋದರೆ "ಇರಲಿ ಬಿಡೇ" ಎಂದರು. ಬೆಳಿಗ್ಗೆ ಪಾರ್ಕಿನಲ್ಲಿ ಆಯುಧಪೂಜೆ ಮಾಡಿದೆವು, ಮಧ್ಯಾಹ್ನ ಸಂದೀಪನ ಎಂಜಿನ್ನು ಓಡಿತು. ಹೌದಮ್ಮ, ಓಡಿತು! ಅದನ್ನು ಮೊದಲು ಬರೆಯದೆ ಇದ್ದರೆ ನನ್ನ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ.

ನೀನು ಜೂನ್‌ನಲ್ಲಿ ಬೆಂಗಳೂರಿನಿಂದ ಫೋನು ಮಾಡಿ, "ಅತ್ತೆ, ವಸಿಷ್ಠ ಅಂತ, ನನ್ನ ಜೊತೆ ಕೆಲಸ ಮಾಡ್ತಾರೆ. ಮದುವೆ ಆಗೋಣ ಅಂತ ಕೇಳ್ತಿದ್ದಾರೆ. ನೀವಿಬ್ಬರೂ ಹೂಂ ಅಂದರೆ ಮಾತ್ರ" ಎಂದೆ. ಇಷ್ಟು ದಿನ ನಾವು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಡವಾಯಿತು, ಕ್ಷಮಿಸಮ್ಮ. "ಸಂದೀಪನ ಎಂಜಿನ್ನು ಮುಗೀಲಿ, ಆಮೇಲೆ ಹೇಳೋಣ" ಎನ್ನುತ್ತಿದ್ದರು ನಿನ್ನ ಮಾವ. ಆದರೆ ಅದನ್ನು ಮುಗಿಸುತ್ತಲೂ ಇರಲಿಲ್ಲ. ಇವತ್ತು ಒಂದು ತಿರುಪು ಹಾಕುವುದು, ನಾಳೆ ಅದನ್ನೇ ಬಿಚ್ಚುವುದು. ನಾನೂ ಅವಸರ ಮಾಡಲಿಲ್ಲ.

ಆ ಎಂಜಿನ್ನಿನ ಕಥೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯಾದ ಹೊಸತರಲ್ಲಿ ಎಲ್ಲರೂ ಹೆಂಡತಿಯನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋದರೆ ನನ್ನ ಮಗ ಸಂದೀಪ ನಿನ್ನನ್ನು ಪರಾಗ್ವೆಗೆ ಕರೆದುಕೊಂಡು ಹೋದ. ಗ್ಲಾಸ್ಗೋದಲ್ಲಿ ಹುಟ್ಟಿ ಹಡಗು ಹತ್ತಿ ಹೋದ ಹಳೆಯ ಉಗಿ ಎಂಜಿನ್ನುಗಳು ಅಲ್ಲಿ ಇನ್ನೂ ಸೌದೆ ತಿಂದುಕೊಂಡು ಓಡಾಡುತ್ತಿವೆಯಂತೆ, ಅವನ್ನು ನೋಡಲು! ಕಿಡಿ ಹಾರಿ ತೂತು ಬಿದ್ದ ಹಳದಿ ದುಪಟ್ಟಾ ತೋರಿಸಿ ನೀನು ನಗುತ್ತಿರುವ ಫೋಟೋ ಶೆಡ್ಡಿನ ಗೋಡೆಯ ಮೇಲೆ ಹಾಗೇ ಇದೆ. ಬಂದವನೇ ಅಂಥದ್ದೇ ಒಂದನ್ನು, ತೊಟ್ಟಿಲಿಗಿಂತ ತುಸು ಉದ್ದದ್ದು, ಕಟ್ಟತೊಡಗಿದ. ಬಾಯ್ಲರ್ ಕೂರಿಸುವಷ್ಟರಲ್ಲಿ ಕಾಯಿಲೆ ಬಂತು.

ಅವನು ಹೋದ ಮೇಲೆ ಇವರು ಆ ಶೆಡ್ಡಿನ ಕಡೆ ತಲೆಹಾಕಿರಲಿಲ್ಲ. ರಿಟೈರಾದ ಮಾರನೆಯ ದಿನ ಬೀಗ ತೆಗೆದರು. "ಇಷ್ಟು ವರ್ಷ ಜನರ ಮೂಳೆ ಜೋಡಿಸಿದೀನಿ, ಇದು ಬರಲ್ವಾ?" ಎಂದರು. ಬರಲಿಲ್ಲ. ಪಾರ್ಕಿನಲ್ಲಿ ಪುಟ್ಟ ರೈಲು ಓಡಿಸುವ ಸಂಘದ ಕೆನ್ ಎಂಬುವರು, ಲಂಡನ್ನಿನ ಟ್ಯೂಬ್ ರೈಲು ಓಡಿಸಿ ರಿಟೈರಾದವರು, ವಾರ ವಾರ ಬಂದು ಬೈದು ಬೈದು ಕಲಿಸಿದರು. ನನ್ನ ಕೋಡುಬಳೆ ಡಬ್ಬಿ ಖಾಲಿ ಮಾಡಿದ್ದೂ ಅವರೇ.

ಹಬ್ಬ ಮೊನ್ನೆಯೇ ಮುಗಿದಿತ್ತು. ಆದರೆ ಇಲ್ಲಿ ನಮಗೆ ಹಬ್ಬವೆಲ್ಲ ಭಾನುವಾರವೇ. ಪಾರ್ಕಿನ ಹಳಿಯ ಮೇಲಿಟ್ಟು ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಆರತಿ ಎತ್ತಿದೆ. ಕಿರಾಣಿ ಅಂಗಡಿಯ ವೀರಣ್ಣನವರು ಬೂದುಗುಂಬಳ ತಂದು, ಕೆನ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಒಡೆದೂಬಿಟ್ಟರು. ಪುಣ್ಯಕ್ಕೆ ಹಳಿಯಿಂದ ದೂರ. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೋದೆ ನೋಡು, ಹಣ್ಣು ಚಕ್ರದ ಅರ್ಧದಷ್ಟಿದೆ! ಇಟ್ಟರೆ ಎಂಜಿನ್ನು ಹಳಿ ತಪ್ಪುತ್ತದೆ, ಬಿಟ್ಟರೆ ಪೂಜೆ ಅರ್ಧಕ್ಕೆ ನಿಲ್ಲುತ್ತದೆ.

"ಯಾಕ ಚಿಂತಿ ಮಾಡ್ತೀರಿ ವೈನೀ? ಎಂಜಿನ್ ಸಣ್ಣದೈತಿ, ಹಣ್ಣೂ ಸಣ್ಣದಿರ್ಲಿ" ಎಂದು ವೀರಣ್ಣನವರು ವ್ಯಾನಿನಿಂದ ಒಂದು ಗೊಂಚಲು ಹಸಿರು ದ್ರಾಕ್ಷಿ ತಂದುಕೊಟ್ಟರು. ಸರಿ, ಒಂದೊಂದು ಚಕ್ರಕ್ಕೂ ಒಂದೊಂದು ದ್ರಾಕ್ಷಿ ಇಟ್ಟು ಕೈಮುಗಿದೆ.

ಇವರು ಹಿಂದಿನ ಬಂಡಿಯ ಮೇಲೆ ಕೂತು ಬೆರಳುದ್ದದ ಸೌದೆ ಒಟ್ಟಿದರು. ಉಗಿ ಏರಿತು. ಸಿಳ್ಳೆ ಹಾಕಿ ಹಿಡಿಯನ್ನು ಎಳೆದರು. ದ್ರಾಕ್ಷಿಗಳು ಪಚಪಚ ಎಂದವು. ಚಕ್ರಗಳು ಗಿರ್ರನೆ ತಿರುಗಿದವು. ಎಂಜಿನ್ನು ಮಾತ್ರ ನಿಂತಲ್ಲೇ ನಿಂತಿತ್ತು! ಮತ್ತೆ ಎಳೆದರು. ಮತ್ತೆ ಹಾಗೇ.

ಇವರ ಮುಖ ಇಳಿದುಹೋಯಿತು. "ನಾನೇ ಏನೋ ಕೆಡಿಸಿದೆ ಕಣೇ, ಕಾಮಾಕ್ಷಿ. ಅವನು ಅಷ್ಟು ಚೆನ್ನಾಗಿ ಮಾಡಿಟ್ಟಿದ್ದ" ಎಂದರು. ಆಸ್ಪತ್ರೆಯಲ್ಲಿ ಅವನ ಕೊನೆಯ ವಾರದಲ್ಲೂ ಅವರ ಧ್ವನಿ ಹಾಗೆ ನಡುಗಿದ್ದನ್ನು ನಾನು ಕೇಳಿರಲಿಲ್ಲ.

ಕೆನ್ ಬಗ್ಗಿ ಹಳಿಯನ್ನು ಬೆರಳಿನಿಂದ ಸವರಿ, ಮೂಸಿ, ಕಡೆಗೆ ನೆಕ್ಕಿಯೂ ನೋಡಿದರು. ಮರದ ಎಲೆ ಬಿದ್ದು ರೈಲು ಜಾರುವುದನ್ನು ಜೀವಮಾನವಿಡೀ ನೋಡಿದ್ದಾರಂತೆ, ಫ್ರೂಟ್ ಸಲಾಡಿಗೆ ಜಾರಿದ್ದು ಇದೇ ಮೊದಲಂತೆ! ಎಂಜಿನ್ನಿನಲ್ಲಿ ಏನೂ ತಪ್ಪಿಲ್ಲ ಡಾಕ್ಟರ್, ತಪ್ಪೆಲ್ಲ ದ್ರಾಕ್ಷಿಯದು ಎಂದು ಅವರು ಹೇಳಿದ್ದೇ ತಡ, ವೀರಣ್ಣನವರು ಮಕ್ಕಳ ಆಟದ ಗುಂಡಿಯಿಂದ ಟೋಪಿ ತುಂಬ ಮರಳು ತಂದರು. ಉಪ್ಪು ಉದುರಿಸಿದ ಹಾಗೆ ಹಳಿಯ ಮೇಲೆ ಉದುರಿಸಿದೆವು.

ಒಂದು ಸಲ ಸಣ್ಣಗೆ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಹೊರಟೇ ಬಿಟ್ಟಿತು! ವೀರಣ್ಣನವರು ಕುಣಿದರು, ಕೆನ್ ಮೂಗು ಒರೆಸಿಕೊಂಡರು. ಪಕ್ಕದಲ್ಲೇ ಹಾದುಹೋದಾಗ ಚಿಮಣಿಯಿಂದ ಕಿಡಿ ಹಾರಿ ನನ್ನ ಮೈಸೂರು ರೇಷ್ಮೆಯ ಸೆರಗಿಗೂ ಒಂದು ತೂತು ಬಿತ್ತು, ನಿನ್ನ ದುಪಟ್ಟಾಕ್ಕೆ ಬಿದ್ದ ಹಾಗೆಯೇ. ಬೇರೆ ದಿನವಾಗಿದ್ದರೆ ಗೋಳಾಡುತ್ತಿದ್ದೆ. ಇದನ್ನು ಹೊಲಿಸುವುದಿಲ್ಲ.

ಇವರೋ, ನಿಲ್ಲಿಸಲೇ ಒಲ್ಲರು. ಒಂದು ಸುತ್ತು ಬಂದು ನನ್ನ ಮುಂದೆ ಹಾಯುವಾಗ, "ಕಾಮಾಕ್ಷೀ, ಹಿಂದೆ ಇನ್ನೂ ಇಬ್ಬರು ಕೂರಬಹುದು ಕಣೇ!" ಎಂದು ಕೂಗಿದರು. ಹೋದರು. ಮುಂದಿನ ಸುತ್ತಿಗೆ, "ಪ್ರತೀಕ್ಷಾಗೆ ಇವತ್ತೇ ಬರಿ!" ಎಂದರು. ಮತ್ತೆ ಹೋದರು. ನಾನು ಉಸಿರು ಹಿಡಿದು ಕಾಯುತ್ತಿದ್ದೆ. ಮೂರನೆಯ ಸುತ್ತಿಗೆ ಬಂದು, "ಆ ವಸಿಷ್ಠನ ತೂಕ ಎಷ್ಟಂತೆ ಕೇಳು! ಸೌದೆ ಅದಕ್ಕೆ ಸರಿಯಾಗಿ ಹಾಕಬೇಕು!" ಎಂದರು.

ನಮ್ಮ ಹೂಂ ಹೀಗೆ ಬಂತಮ್ಮ. ನಿಮ್ಮಿಬ್ಬರ ಮನೆಯಲ್ಲಿ ನಗು ತುಂಬಿರಲಿ. ಮದುವೆಯಾದ ಮೇಲೆ ಇಬ್ಬರೂ ಬನ್ನಿ. ಬೇಸಿಗೆಯಲ್ಲಿ ಬಂದರೆ ಒಳ್ಳೆಯದು, ಸೌದೆ ಒಣಗಿರುತ್ತದೆ.

ನಿನ್ನ ಅತ್ತೆ,
ಕಾಮಾಕ್ಷಿ

ತಾ.ಕ.: ತಡವಾದದ್ದಕ್ಕೆ ಎಂಜಿನ್ನನ್ನು ದೂರಿದೆ. ಅದು ಮಾವನವರ ಮಾತಾಯಿತು. ನನ್ನ ಕಾರಣ ಬೇರೆ, ಅದನ್ನು ದಿನಚರಿಯಲ್ಲೂ ಬರೆದಿರಲಿಲ್ಲ. ಸಂದೀಪ ಹೋದ ಮೇಲೆ ನನ್ನನ್ನು ಅಮ್ಮ ಎನ್ನುವವರು ಯಾರೂ ಇಲ್ಲ. ಭಾನುವಾರ ಫೋನೆತ್ತಿದರೆ ನೀನು "ಅತ್ತೆ, ಕಾಫಿ ಆಯ್ತಾ?" ಎನ್ನುತ್ತೀಯಲ್ಲ, ಅದೊಂದು ಉಳಿದಿತ್ತು. ಇನ್ನು ಆ ಮಾತು ವಸಿಷ್ಠನ ತಾಯಿಯದು. ಅವರನ್ನು ಬಾಯಿ ತುಂಬ ಅತ್ತೆ ಅನ್ನು. ನನ್ನನ್ನು ಏನನ್ನಬೇಕೋ ನಿನಗೆ ತೋಚಿದ ಹಾಗೆ ಮಾಡು, ಫೋನು ಮಾತ್ರ ತಪ್ಪಿಸಬೇಡ.

ನಾಳೆ ಸೋಮವಾರ. ಮೂಲೆಯ ಪೋಸ್ಟಾಫೀಸು ಒಂಬತ್ತಕ್ಕೆ ತೆರೆಯುತ್ತದೆ.