ಹಿತ್ತಲಲ್ಲಿ ನೀರು ಇಂಗಿದ ಜಾಗ

೨ ಜನವರಿ ೧೯೮೩, ಭಾನುವಾರ. ಕುರ್ಡಿ

ಇವತ್ತೂ ಗುಂಡಿ ತೋಡಿದೆ. ಬಾವಿ ಕಡೆ ಒಂದು, ಗೋಡೆ ಪಕ್ಕ ಒಂದು. ನೀರು ತುಂಬಿಸಿ ಕಾದೆ... ಸಂಜೆಯಾದರೂ ಇಂಗಲಿಲ್ಲ. ಬರೀ ಎರೆ ಮಣ್ಣು. ಇಲ್ಲಿ ಸೆಪ್ಟಿಕ್ ಟ್ಯಾಂಕ್ ಕಟ್ಟಿದರೆ ಹೊಲಸು ನೀರೆಲ್ಲ ಅಂಗಳಕ್ಕೇ ವಾಪಸ್. ದೇವದುರ್ಗದಲ್ಲಿ ಸರಕಾರಿ ಕ್ವಾರ್ಟರ್ಸಿಗೆಲ್ಲ ಸಂಡಾಸು ಕಟ್ಟಿಸುವ ಓವರ್‌ಸಿಯರ್ ಸಾಹೇಬ ನಾನು. ನನ್ನ ಹೆಂಡತಿ ಮಾತ್ರ ಬಯಲಿಗೆ!

ಬಸವಂತಮ್ಮನಿಗೆ ಐದು ತಿಂಗಳು. ಹೋದ ವಾರ ರಕ್ತ ಕಾಣಿಸಿತು. ರಾಯಚೂರಿನ ಡಾಕ್ಟರಮ್ಮ ಬೈದೇ ಬಿಟ್ಟರು — ದೂರ ನಡೆಯಕೂಡದು, ನಡೆದರೆ ಇದೂ ಹೋದೀತು. ಮೊದಲನೆಯದು ಹೆಣ್ಣು, ಹುಟ್ಟುತ್ತಲೇ ಹೋಯಿತು. ಮೂರು ವರ್ಷವಾಯಿತು. ನಾನು ಡ್ಯೂಟಿ ಮೇಲಿದ್ದೆ, ಅವ್ವನೇ ಮಣ್ಣು ಮಾಡಿದಳು. ಎಲ್ಲಿ ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ. ಹೇಳಿದರೆ ಬಸವಂತಮ್ಮ ಅಲ್ಲೇ ಹೋಗಿ ಕೂರುತ್ತಾಳೆ ಅಂತ ಅವ್ವನಿಗೆ ಭಯ.

೯ ಜನವರಿ

ಸಿಕ್ಕಿತು! ಹಿತ್ತಲ ಮೂಲೆ, ಬೇವಿನ ಗಿಡದ ಹತ್ತಿರ. ಮೇಲೆ ಎರೆ, ಮೊಣಕಾಲಷ್ಟು ತೋಡಿದರೆ ಮರಳು. ಹಳೇ ಹಳ್ಳದ ಪದರ ಇರಬೇಕು. ಕೊಡದ ಮೇಲೆ ಕೊಡ ಸುರಿದೆ, ಕುಡಿದೇ ಬಿಟ್ಟಿತು.

"ಇನ್ನ ಬಯಲಿಗಿ ಹೋಗೋದು ತಪ್ತಲ್ರೀ!" ಬಸವಂತಮ್ಮ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು.

ಅವ್ವ ಗಿಲ್ಲೆಸುಗೂರಿನಲ್ಲಿ, ತಂಗಿ ಮನೆಯಲ್ಲಿದ್ದಾಳೆ. ಬಂದಮೇಲೆ ಕೆಲಸ ಶುರು.

೧೬ ಜನವರಿ, ಮಧ್ಯಾಹ್ನ

ಬೆಳಿಗ್ಗೆ ಮತ್ತೆ ನೀರು ಹಾಕಿ ನೋಡುತ್ತಿದ್ದೆ. ಅವ್ವ ಬಸ್ಸಿಳಿದು ಬಂದಳು. ಗುಂಡಿ ನೋಡಿ ಓಡಿ ಬಂದು ನನ್ನ ಕೈಯ ಕೊಡ ಕಸಿದಳು.

"ಯಪ್ಪಾ, ಅಲ್ಯಾಕ ನೀರು ಹಾಕಿದ್ಯೋ... ಅಲ್ಲೇ ಇಟ್ಟೀನಿ ಕೂಸಿನ್ನ. ಮಳಿಗಾಲದಾಗ ಅದರ ಮ್ಯಾಲ ನೀರು ನಿಲ್ಲಬಾರ್ದಂತ ಹಳ್ಳದಿಂದ ಮರಳು ಹೊತ್ತು ತಂದು ಹಾಕಿ, ಮ್ಯಾಲ ಎರಿ ಮುಚ್ಚಿದ್ನೆಪ್ಪಾ."

ಪದರವೂ ಅಲ್ಲ, ಏನೂ ಅಲ್ಲ. ಅವ್ವ ಬುಟ್ಟಿಯಲ್ಲಿ ಹೊತ್ತು ತಂದ ಮರಳು. ಸುತ್ತ ಎಲ್ಲಾ ಎರೆಯೇ, ಸಂಡಾಸಿಗೆ ಈ ಹಿತ್ತಲಲ್ಲಿ ಜಾಗವೇ ಇಲ್ಲ. ನನ್ನ ಮಗಳ ಮೇಲೆ ನಾನೇ ನೀರು ಸುರಿದು ಖುಷಿಪಟ್ಟೆ. ಗುಂಡಿ ಮುಚ್ಚಿದೆ.

ಸಂಜೆ

ಬಸವಂತಮ್ಮ ಒಳಗಿನಿಂದ ಎಲ್ಲಾ ಕೇಳಿಸಿಕೊಂಡಿದ್ದಾಳೆ. ಬಂದು ಮುಚ್ಚಿದ ಮಣ್ಣಿನ ಮೇಲೆ ಕೈ ಇಟ್ಟಳು.

"ಇನ್ನಾ ಹಸಿ ಅದ. ಕೂಸಿಗಿ ಥಂಡಿ ಹತ್ತಿರ್ತದ."

ಬಾಯಿಗೆ ಬಂದದ್ದು ಹೇಳಿದೆ — ದೇವದುರ್ಗದಲ್ಲಿ ಸಂಡಾಸಿರುವ ಬಾಡಿಗೆ ಖೋಲಿ ಹಿಡಿಯುತ್ತೇನೆ, ನಾಳೆಯೇ ಹೋಗೋಣ, ಹೊಟ್ಟೆಯಲ್ಲಿರುವುದನ್ನಾದರೂ ಉಳಿಸಿಕೊಳ್ಳೋಣ.

"ಮೂರು ವರ್ಷ ಎಲ್ಲದಾಳೋ, ಎಲ್ಲದಾಳೋ ಅಂದೀನ್ರೀ. ಈಗ ಸಿಕ್ಕಾಳ. ಹೆಂಗ ಬಿಟ್ಟು ಬರ್ಲಿ?"

ಅವ್ವ ಕರೆದಳು, ಏಳಲಿಲ್ಲ. ಕೊನೆಗೆ ನಾನು ಕಾಲೂ ಹಿಡಿದೆ. ಅದಕ್ಕೂ ಏಳಲಿಲ್ಲ.

ಕತ್ತಲಾಯಿತು. ಹಿತ್ತಲ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಕೂತು ಅವಳನ್ನೇ ನೋಡುತ್ತ ಬರೆಯುತ್ತಿದ್ದೇನೆ. ಈಗ ಎದ್ದಳು. ಒಳಗೆ ಬರುತ್ತಾಳೆಂದುಕೊಂಡೆ. ಇಲ್ಲ... ಚೊಂಬು ತುಂಬಿಕೊಂಡಳು, ಬಯಲಿನ ಕಡೆ ಹೊರಟಿದ್ದಾಳೆ. ತಡೆಯಬೇಕು, ನಾನು—