ತೆಗೆದಿಟ್ಟ ಎರಡು ಜೊತೆ ಓಲೆ

ಅಕ್ಕೂರು
22-2-2007, ಗುರುವಾರ

ನನ್ನ ಮುದ್ದು ಮೊಮ್ಮಗಳು ರಮ್ಯಾಳಿಗೆ ಅಜ್ಜಿ ಗಂಗಲಕ್ಷ್ಮಮ್ಮ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ನೆಟ್ಟಗಿದ್ದೇವೆ. ಬಿಡದಿಯ ಫ್ಯಾಕ್ಟರಿ ಹಾಸ್ಟೆಲಿನ ಸಾರು ಕುಡಿದೂ ನೀನು ನೆಟ್ಟಗಿದ್ದೀಯೆಂದು ನಂಬಿದ್ದೇನೆ. ಹೋದ ತಿಂಗಳು ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಮುಖ ಊದಿಸಿಕೊಳ್ಳಬೇಡ. ನನ್ನದು ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ, ಒಂದು ಸಾಲು ಬರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಫೋನು ಮಾಡಬಹುದಿತ್ತು. ಆದರೆ ಇದು ಫೋನಿನಲ್ಲಿ ಆಡುವ ಮಾತಲ್ಲ. ಆ ಕಡೆ ನಿನ್ನ ಜೊತೆಯ ಹುಡುಗಿಯರು ಕಿವಿ ಕೊಟ್ಟಿರುತ್ತಾರೆ, ಈ ಕಡೆ ನಿಮ್ಮಪ್ಪ ಸ್ವಾಮಿ. ಅದಕ್ಕೇ ನರ್ಸಮ್ಮ ನೂರ್ಜಹಾನಳ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ನಾಳೆ ಅವಳಿಗೆ ಬಿಡದಿ ಆಸ್ಪತ್ರೆಯಲ್ಲಿ ಮೀಟಿಂಗು. ಒಬ್ಬಳೇ ಇರುವಾಗ ಓದು.

ನೀನು ಕೇಳಿದ್ದು ಓಲೆಯ ವಿಷಯ. ಮನೋಹರನ ಅಮ್ಮ ನಾಗಲಕ್ಷ್ಮಮ್ಮ ನಿಶ್ಚಿತಾರ್ಥದ ದಿನ ನಿನಗೆ ಹುಟ್ಟಿದ ತಿಂಗಳ ಕಲ್ಲಿನ ಓಲೆ ಹಾಕುತ್ತಾರಂತೆ, ನಿನ್ನ ಕಿವಿಗೆ ಯಾವ ಲೋಹ ಆಗುತ್ತದೆ, ಫ್ಯಾಕ್ಟರಿಯಲ್ಲಿ ಯಾವುದು ಬಾಳಿಕೆ ಬರುತ್ತದೆ ಎಂದು ಬರೆದಿದ್ದೆ. ಜಾತ್ರೆಯ ಓಲೆ ಹಾಕಿಕೊಂಡು ಕಿವಿ ಕೀವು ತುಂಬಿ ಸ್ಕೂಲಿಗೆ ಚಕ್ಕರ್ ಹೊಡೆದವಳಲ್ಲವೇ ನೀನು, ಕೇಳಿದ್ದು ಒಳ್ಳೆಯದಾಯಿತು. ಸೋಮವಾರ ನಾಗಲಕ್ಷ್ಮಮ್ಮ ತಮ್ಮೂರು ಕಲ್ಯದಿಂದ ಬಸ್ಸಿನಲ್ಲಿ ಬಂದರು. ಇಬ್ಬರೂ ಚನ್ನಪಟ್ಟಣದ ಮುನಿಕೃಷ್ಣನ ಚಿನ್ನದಂಗಡಿಗೆ ಹೋದೆವು.

ಅಂಗಡಿಯ ಗೋಡೆಗೆ ಈಗ ಒಂದು ಬಣ್ಣದ ಪಟ ನೇತುಹಾಕಿದ್ದಾನೆ. ಹನ್ನೆರಡು ತಿಂಗಳು, ಹನ್ನೆರಡು ಕಲ್ಲು. ನಮ್ಮ ಕಾಲದಲ್ಲಿ ಕೆಂಪು ಕಲ್ಲು, ಬಿಳಿ ಕಲ್ಲು, ಎರಡೇ. ಇರಲಿ. ನಾಗಲಕ್ಷ್ಮಮ್ಮ ಬ್ಯಾಗಿನಿಂದ ನಿನ್ನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತೆಗೆದು, "ಜೂನ್ ಒಂದು" ಎಂದರು. ಮುನಿಕೃಷ್ಣ ಪಟ ನೋಡಿ, "ಜೂನ್ ಅಂದ್ರೆ ಮುತ್ತು" ಎಂದು ಒಂದು ಜೊತೆ ಮುತ್ತಿನ ಓಲೆ ಎದುರಿಗಿಟ್ಟ.

ನಾನು ಮೊದಲು ಲೋಹದ ಮಾತೆತ್ತಿದೆ. "ಬೆಳ್ಳೀಲ್ ಬ್ಯಾಡ ಕಣಪ್ಪ, ಅವ್ಳು ಮಿಷಿನ್ ಎಣ್ಣೆ ಮುಟ್ಟೋ ಹುಡ್ಗಿ."

"ಬೆಳ್ಳಿ ಕಪ್ಪಾಯ್ತದೆ ಕಣಜ್ಜಿ, ತಿಂಗ್ಳಿಗೊಂದ್ಸಲ ಉಜ್ಬೇಕು. ಪಾಲಿಶ್ ಹಾಕಿರೋ ಮಾಲು ಆರ್ ತಿಂಗ್ಳಿಗೆ ಒಳ್ಗಿನ್ ಬಣ್ಣ ತೋರುಸ್ತದೆ, ಆಮ್ಯಾಕೆ ಕಿವಿ ನವೆ. ಇದ್ ನೋಡಿ, ಬಿಳಿ ಬಂಗಾರ. ಈಗ ಬೆಂಗ್ಳೂರಲ್ಲೆಲ್ಲ ಇದೇಯ."

"ಬಂಗಾರದ್ ದುಡ್ ಕೊಟ್ಟು ಸ್ಟೀಲ್ ಲೋಟ ಹಾಕಂಡಂಗ್ ಕಾಣ್ಬೇಕಾ? ಒಳಗಿಡು ಅತ್ಲಾಗೆ."

ನಾಗಲಕ್ಷ್ಮಮ್ಮ ನಗಲಿಲ್ಲ. ಅವರು ಇಪ್ಪತ್ತೆರಡು ಕ್ಯಾರೆಟ್ಟಿಗೆ ಕಡಿಮೆ ಮುಟ್ಟುವವರಲ್ಲ. ಅದಕ್ಕೆ ಮುನಿಕೃಷ್ಣ, ಅಷ್ಟು ಅಪರಂಜಿಯಾದರೆ ಕಲ್ಲು ಹಿಡಿಯುವ ಮುಳ್ಳು ಮೆತ್ತಗಾಗಿ ಬಾಗಿಹೋಗುತ್ತದೆ, ದಿನಾ ಹಾಕುವವರಿಗೆ ಹದಿನೆಂಟು ಕ್ಯಾರೆಟ್ ವಾಸಿ, ಹಿಂದಿನ ತಿರುಪು ಮಾತ್ರ ಒಳ್ಳೆ ಚಿನ್ನದ್ದಿರಲಿ, ಕಿವಿಗೆ ತಾಗುವುದು ಅದೇ ಎಂದ. ಇಷ್ಟರವರೆಗೆ ಎಲ್ಲ ಸರಿಯಾಗಿಯೇ ಇತ್ತು ಮಗಳೇ. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಾಗದ ಬರೆಯುವ ಹಣೆಬರಹ ಬರುತ್ತಿರಲಿಲ್ಲ.

ನಾನು ಮುತ್ತು ಬೇಡವೆಂದೆ. ಮುತ್ತು ಬೆವರು ತಡೆಯುವುದಿಲ್ಲ, ಸೋಪು ತಡೆಯುವುದಿಲ್ಲ, ಸೆಂಟು ತಾಗಿದರೂ ಮಂಕಾಗುತ್ತದೆ. ಎಲ್ಲ ಸಿಂಗಾರ ಮುಗಿದ ಮೇಲೆ ಹಾಕಬೇಕು, ಮನೆಗೆ ಬಂದ ಕೂಡಲೇ ಮೊದಲು ಬಿಚ್ಚಬೇಕು. ಎಂಟು ಗಂಟೆ ಮಿಷಿನ್ ಮುಂದೆ ನಿಲ್ಲುವ ಹುಡುಗಿಗೆ ಅದು ಹೇಗೆ ಆಗುತ್ತದೆ?

ನಾಗಲಕ್ಷ್ಮಮ್ಮ ಮುನಿಕೃಷ್ಣನ ಕಡೆ ತಿರುಗಿ, "ಪಾಪ, ಅವ್ರಿಗೇನ್ ಗೊತ್ತು ಬುಡಿ. ಹುಟ್ಟಿದ್ ತಿಂಗ್ಳಿನ್ ಕಲ್ಲು ಅಂದ್ರೆ ಏನೂಂತ ಅಕ್ಕೂರ್ ಕಡೆಯೋರ್ ಎಲ್ ಕಂಡವ್ರೆ?" ಎಂದರು.

ನನ್ನ ನಾಲಗೆಗೆ ಬೆಂಕಿ ಬಿತ್ತು. "ನಂಗ್ ಗೊತ್ತಿಲ್ದೆ ನಿಮ್ಗೊತ್ತಾ? ಜೂನಂತೆ ಜೂನು! ಸ್ಕೂಲ್ ಮೇಷ್ಟ್ರು ಊರಿನ್ ಮಕ್ಳಿಗೆಲ್ಲ ಜೂನ್ ಒಂದು ಅಂತ ಬರ್ಕಂಡ್ರು. ನನ್ ಮೊಮ್ಮಗ್ಳು ಹುಟ್ಟಿದ್ದು ಶ್ರಾವಣ್ದಲ್ಲಿ. ರೇಷ್ಮೆ ಹುಳ ಹಣ್ಣಾಗಿ ಗೂಡ್ ಕಟ್ಟಕ್ಕೆ ಚಂದ್ರಿಕೆಗೆ ಬುಡ್ತಿದ್ವಿ, ಆಗ ಹುಟ್ಟುದ್ಲು!"

ಮುನಿಕೃಷ್ಣ, ಅವನಿಗೇನು ಗೊತ್ತು ಪಾಪ, ಪಟದ ಮೇಲೆ ಬೆರಳಾಡಿಸಿ, "ಆಗಸ್ಟಾದ್ರೆ ಈ ಹಸ್ರು ಕಲ್ಲು, ಪೆರಿಡಾಟು" ಎಂದು ಇನ್ನೊಂದು ಜೊತೆ ತೆಗೆದಿಟ್ಟ. ಎಳೆಯ ಹಿಪ್ಪುನೇರಳೆ ಚಿಗುರಿನ ಬಣ್ಣ ಕಣೇ. ನೋಡಿದ ಕೂಡಲೇ ನಿನ್ನದು ಅನ್ನಿಸಿತು. ನಾಗಲಕ್ಷ್ಮಮ್ಮ ಓಲೆ ನೋಡಲಿಲ್ಲ. ನನ್ನನ್ನೇ ನೋಡಿದರು.

"ನಾವ್ ಜಾತ್ಕ ತೋರ್ಸಿದ್ದು ಜೂನ್ ಒಂದ್ರುದ್ದು" ಎಂದರು.

ನಾನು ಹಸಿರು ಓಲೆಯನ್ನು ಮುನಿಕೃಷ್ಣನ ಕಡೆ ಸರಿಸಿದೆ.

"ಶ್ರಾವಣ್ದಲ್ಲಿ ಯಾವ್ ದಿನ?"

"ನೆನಪಿಲ್ಲ."

"ಹುಳ ಹಣ್ಣಾಗಿದ್ದು ನೆಪ್ಪೈತೆ, ದಿನ ನೆಪ್ಪಿಲ್ವಾ?" ಎಂದವರು ಮುನಿಕೃಷ್ಣನಿಗೆ, "ಎರಡ್ ಜೊತೆನೂ ತೆಗ್ದಿಡಿ. ಭಾನುವಾರ ಇವ್ರ ಮನೇಗ್ ಹೋಗ್ಬುಟ್ಟು ಹೇಳ್ತೀನಿ, ಯಾವ್ದೂ ಅಂತ" ಎಂದು ಎದ್ದರು. ಬಸ್ ಸ್ಟ್ಯಾಂಡಿಗೆ ನನ್ನನ್ನು ಹಿಂದೆ ಬಿಟ್ಟು ಮುಂದೆ ಮುಂದೆ ನಡೆದರು.

ಈಗ ಕೇಳು ರಮ್ಯಾ. ದಿನ ನನಗೆ ಚೆನ್ನಾಗಿ ನೆನಪಿದೆ. ಆಗಸ್ಟ್ ಹದಿನೈದು. ಸ್ಕೂಲಿನ ಮಕ್ಕಳು ಬಾವುಟ ಹಿಡಿದು ನಮ್ಮ ಮನೆಯ ಮುಂದೆ ಹಾದುಹೋದರು, ಒಳಗೆ ನೂರ್ಜಹಾನು ನಿನ್ನನ್ನು ತಲೆಕೆಳಗು ಮಾಡಿ ಅಳಿಸುತ್ತಿದ್ದಳು. ನಿಮ್ಮಪ್ಪ ಚಂದ್ರಿಕೆ ಬಾಡಿಗೆಗೆ ತರಲು ಹೋಗಿದ್ದ, ಅವನಿಗೆ ಮಳೆಗಾಲ ಅನ್ನುವುದಷ್ಟೇ ಗೊತ್ತು. ಅದಕ್ಕೇ ಈಗ ಜಾತಕ ಬರೆಸಲು ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಜೋಯಿಸರ ಮನೆಗೆ ಹೋದ. ನೀನು ಹುಟ್ಟಿದ ದಿನ ಸಂಜೆಯೇ ನಾನು ಪಂಚಾಂಗ ನೋಡಿಸಿದ್ದೆ. ನಿನ್ನದು ಮೂಲಾ ನಕ್ಷತ್ರ. ಮೂಲಾ ಹೆಣ್ಣು ಮಾವನಿಗೆ ಆಗುವುದಿಲ್ಲ ಅನ್ನುತ್ತಾರೆ. ನಾನೂ ನಿಮ್ಮವ್ವ ಕಾವೇರಮ್ಮನೂ ಇಷ್ಟು ವರ್ಷ ತುಟಿ ಬಿಚ್ಚಲಿಲ್ಲ. ಪ್ರತಿ ಜೂನ್ ಒಂದಕ್ಕೆ ಅವಳು ನಿನಗೆ ಪಾಯಸ ಮಾಡಿ ಬಡಿಸಿದಳು.

ಮನೋಹರನ ಅಪ್ಪ ರಾಮಲಿಂಗಯ್ಯನವರಿಗೆ ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿದ್ದು ನಿನಗೆ ಗೊತ್ತು. ಅವತ್ತು ಹೆಣ್ಣು ನೋಡಲು ಬಂದಾಗ ನಿನ್ನ ಮಿಷಿನಿನ ವಿಷಯವನ್ನೇ ಅರ್ಧ ಗಂಟೆ ಕೇಳಿದ ಮನುಷ್ಯ. ನಾಗಲಕ್ಷ್ಮಮ್ಮನಿಗೆ ಅವರ ಪ್ರಾಣದ ಮುಂದೆ ಇನ್ಯಾವುದೂ ಇಲ್ಲ. ಮೂಲಾ ಎಂದು ತಿಳಿದರೆ ಮುಂದಿನ ವಾರ ಶುಕ್ರವಾರ ಇಟ್ಟುಕೊಂಡಿರುವ ನಿಶ್ಚಿತಾರ್ಥ ಅಲ್ಲಿಗೇ ನಿಂತಂತೆ.

ನಿನ್ನೆ ನಾನು ನೂರ್ಜಹಾನಳ ಮನೆಗೆ ಹೋಗಿದ್ದೆ, ನಾಗಲಕ್ಷ್ಮಮ್ಮ ಬಂದು ಕೇಳಿದರೆ ಆಗಸ್ಟ್ ಹತ್ತು ಎಂದುಬಿಡು ಎಂದು ಹೇಳಲು. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಗಂಗಕ್ಕ, ನಾನು ನೂರಾರು ಮಗ ಹೆರುಸಿವ್ನಿ. ಸುಳ್ ಹೆರ್ಸೋ ಕೆಲ್ಸ ಮಾಡಕ್ಕಿಲ್ಲ."

"ಹುಡ್ಗಿ ಬಾಳ್ ಕಣೇ!"

"ಅದ್ಕೇಯಾ. ಬಾಳೋಳು ಅವ್ಳು. ಅವ್ಳುನ್ನ ಕೇಳಿದ್ದೀಯಾ ನೀನು?"

ಕೇಳಿರಲಿಲ್ಲ. ಮನೆಗೆ ಬಂದರೆ ನಿಮ್ಮವ್ವ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಅಂಗಡಿಯಲ್ಲಿ ನಡೆದದ್ದು ಅವಳಿಗೂ ಹೇಳಿದೆ. "ಇಪ್ಪತ್ ವರ್ಷ ಆಡ್ದೆ ಇದ್ದ ಮಾತ್ನ ಅಂಗ್ಡೀಲ್ ಆಡುದ್ರಲ್ಲ ಅತ್ತೆ" ಎಂದಳು, ಅಷ್ಟೇ. ಮತ್ತೆ ಸೊಪ್ಪು ಹಾಕತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಈಗ ನಿನ್ನನ್ನು ಕೇಳುತ್ತಿದ್ದೇನೆ. ಮುತ್ತಿನ ಓಲೆ ಸಾಕು ಎಂದರೆ ಭಾನುವಾರ ನಾಗಲಕ್ಷ್ಮಮ್ಮನ ಮುಂದೆ, ಮುದುಕಿಗೆ ಅರಳುಮರಳು, ಹುಡುಗಿ ಜೂನಿನವಳೇ ಎನ್ನುತ್ತೇನೆ. ನಗಲಿ. ನೂರ್ಜಹಾನಳನ್ನು ಹುಡುಕಿಕೊಂಡು ಹೋಗದಿದ್ದರೆ ನಂಬಿಯೂ ನಂಬಬಹುದು. ಆದರೆ ಮದುವೆಯಾದ ಮೇಲೆ ರಾಮಲಿಂಗಯ್ಯನವರಿಗೆ ಏನಾದರೂ ಆದ ದಿನ, ಮುಚ್ಚಿಟ್ಟಿದ್ದು ಹೊರಗೆ ಬಿದ್ದರೆ, ಮನೆತುಂಬ ಜನರ ಮಧ್ಯೆ ನಿಲ್ಲುವವಳು ನೀನು. ಹಸಿರು ಕಲ್ಲೇ ಆಗಲಿ ಎಂದರೆ, ಶನಿವಾರದೊಳಗೆ ಮನೋಹರನಿಗೆ ನೀನೇ ಹೇಳು. ಅವನು ಕೇಳಿಸಿಕೊಂಡು ಬೆನ್ನು ತಿರುಗಿಸಿದರೆ ತಿರುಗಿಸಲಿ, ಮದುವೆಗೆ ಮೊದಲೇ ತಿಳಿದುಹೋಗುತ್ತದೆ. ತಿರುಗಿಸದಿದ್ದರೆ ಭಾನುವಾರ ಅವನೂ ಅಮ್ಮನ ಜೊತೆ ಬರಲಿ. ಶನಿವಾರ ಸಂಜೆ ಫೋನು ಮಾಡಿ ಮುತ್ತೋ ಹಸಿರೋ ಎಂದಷ್ಟೇ ಹೇಳು. ಯಾವುದಕ್ಕೂ ನಾನು ನಿನ್ನ ಕಡೆಯೇ.

ಆ ಹಸಿರು ಕಲ್ಲು ಬಂದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೋಪು ಹಾಕಿ ಮೆತ್ತನೆ ಬ್ರಷ್‌ನಿಂದ ತೊಳೆ. ಹುಣಸೆಹುಳಿ, ನಿಂಬೆಹುಳಿ ತಾಗಿಸಬೇಡ. ಮಿಷಿನಿನಲ್ಲಿ ಅಲುಗಿಸಿ ತೊಳೆಯುವ ಅಂಗಡಿಗೆ ಕೊಡಬೇಡ, ಕಲ್ಲು ಬಿರಿಯುತ್ತದೆಯಂತೆ. ಮುತ್ತಾದರೆ ಹತ್ತಿಬಟ್ಟೆಯಲ್ಲಿ ಒರೆಸಿ ಬೇರೆ ಡಬ್ಬಿಯಲ್ಲಿಡು, ಚಿನ್ನದ ಜೊತೆ ಹಾಕಿದರೆ ಗೀರು ಬೀಳುತ್ತದೆ. ಎರಡೂ ಬರದಿದ್ದರೆ ಬೇವಿನಕಡ್ಡಿ ಸಾಕು, ಕಿವಿ ಮುಚ್ಚದಿದ್ದರಾಯಿತು.

ಹೊಟ್ಟೆ ತುಂಬ ಉಣ್ಣು. ಬಸವಣ್ಣ ದೇವರು ನಿನ್ನನ್ನು ಕಣ್ಣಿನಲ್ಲಿಟ್ಟು ಕಾಯಲಿ. ನಿನ್ನ ಕಷ್ಟವೆಲ್ಲ ಈ ಮುದುಕಿಯ ಪಾಲಿಗೆ ಬರಲಿ.

ಇಂತಿ ನಿನ್ನ ಅಜ್ಜಿ
ಗಂಗಲಕ್ಷ್ಮಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿಮ್ಮವ್ವನದೂ ಮೂಲಾ ನಕ್ಷತ್ರವೇ. ಅವಳು ಈ ಮನೆಗೆ ಬಂದ ಎಂಟನೇ ತಿಂಗಳಿಗೆ ನಿಮ್ಮ ತಾತ ಕೆಂಪಯ್ಯ ತೀರಿಕೊಂಡರು. ಹೆಣ ಇನ್ನೂ ಜಗುಲಿಯ ಮೇಲಿತ್ತು. ನಂಟರೆಲ್ಲರ ಮುಂದೆ, ನನ್ನ ಗಂಡನನ್ನು ತಿಂದವಳು ನೀನೇ ಎಂದು ಅವಳ ಕಿವಿಯ ಓಲೆಗಳನ್ನು ಈ ಕೈಯಿಂದಲೇ ಕಿತ್ತುಕೊಂಡೆ. ಹತ್ತೊಂಬತ್ತು ವರ್ಷದ ಹುಡುಗಿ. ಅಳಲಿಲ್ಲ, ಒಳಗೆ ಹೋಗಿ ಬಂದವರಿಗೆಲ್ಲ ನೀರು ಕೊಟ್ಟಳು. ನಿನ್ನ ನಕ್ಷತ್ರ ಮುಚ್ಚಿಟ್ಟಿದ್ದು ನಿನ್ನ ಮೇಲಿನ ಪ್ರೀತಿಗೆಂದು ತಿಳಿಯಬೇಡ, ಆ ಮಾತು ಇನ್ನೊಂದು ಸಲ ಅವಳ ಕಿವಿಗೆ ಬೀಳುವುದನ್ನು ನಾನು ನೋಡಲಾರದೆ ಹೋದೆ. ಕ್ಷಮಿಸು ಎಂದು ಇವತ್ತಿನವರೆಗೂ ಅವಳನ್ನು ಕೇಳಿಲ್ಲ. ಭಾನುವಾರ ನಾಗಲಕ್ಷ್ಮಮ್ಮ ನಮ್ಮ ಜಗುಲಿಯ ಮೇಲೆ ಕೂತು ಅದೇ ಮಾತು ಆಡಿದರೆ, ಅವರ ಬಾಯಿ ಮುಚ್ಚಿಸಲು ನನಗೆ ಮುಖವೇ ಇಲ್ಲ.